ಅಡ್ಡಗಾಳಿ ಮತ್ತು ಗುಂಡು: ಕಳೆದುಹೋದ ವೇಗದ ಲೆಕ್ಕ

ಗಾಳಿಯ ತಡೆಯೇ ಇಲ್ಲದಿದ್ದರೆ, ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಹೊರಟ ಗುಂಡು 500 ಮೀಟರ್ ದೂರವನ್ನು 0.625 ಸೆಕೆಂಡಿನಲ್ಲಿ ಮುಟ್ಟುತ್ತದೆ. .308 (ಇಂಚಿನಲ್ಲಿ ಗುಂಡಿನ ದಪ್ಪ) ರೈಫಲ್‌ನ 175 ಗ್ರೇನ್ (11.3 ಗ್ರಾಂ) ಗುಂಡಿಗೆ ನಿಜವಾಗಿ ಸುಮಾರು 0.765 ಸೆಕೆಂಡು ಹಿಡಿಯುತ್ತದೆ. ಈ 0.14 ಸೆಕೆಂಡಿನ ತಡವನ್ನು ಅಡ್ಡಗಾಳಿಯ ವೇಗದಿಂದ ಗುಣಿಸಿ. ಸೆಕೆಂಡಿಗೆ 4 ಮೀಟರ್ ಗಾಳಿಗೆ ಗುಂಡು 56 ಸೆಂ.ಮೀ. ಸರಿಯುತ್ತದೆ. ಹೊಸಬರು ತಡದ ಬದಲು ಇಡೀ ಹಾರಾಟದ ಸಮಯವನ್ನೇ ಗುಣಿಸಿ ಮೂರು ಮೀಟರ್ ಎಂದುಕೊಳ್ಳುತ್ತಾರೆ. ತಡದ ಈ ಸೂತ್ರ 19ನೇ ಶತಮಾನದ ಫ್ರೆಂಚ್ ಫಿರಂಗಿ ಅಧಿಕಾರಿ ಇಸಿದೋರ್ ದಿದಿಯೋ ಅವರದು. ಇಂದಿಗೂ ಅದು ಕೈಕೊಡುವುದಿಲ್ಲ.

ಕಾರಣ ಇಷ್ಟೇ. ಗಾಳಿ ಗುಂಡನ್ನು ಪಕ್ಕದಿಂದ ನೂಕಿಕೊಂಡು ಹೋಗುವುದಿಲ್ಲ. ಗಿರಗಿರನೆ ತಿರುಗುವ ಗುಂಡು ನಳಿಕೆ ಬಿಟ್ಟ ಕೂಡಲೇ ಗಾಳಿಕೋಳಿಯಂತೆ ಮೂತಿಯನ್ನು ಗಾಳಿ ಬರುವ ಕಡೆಗೆ ಕೊಂಚ ಹೊರಳಿಸುತ್ತದೆ. ಆಗ ಹಿಂದಕ್ಕೆಳೆಯುವ ಪ್ರತಿರೋಧ ಓರೆಯಾಗುತ್ತದೆ. ಪ್ರತಿರೋಧ ಕಡಿಮೆಯಾದಷ್ಟೂ ಸರಿತ ಕಡಿಮೆ.

ಸೈನ್ಯಗಳು ಇದನ್ನು ತಲುಪಿದ್ದು ಸುತ್ತುಬಳಸಿ. ಫ್ರಾನ್ಸ್‌ನ ಲೆಬೆಲ್ ರೈಫಲ್ 1886ರಲ್ಲಿ ಚಪ್ಪಟೆ ಮೂತಿಯ ಗುಂಡಿನೊಂದಿಗೆ ಬಂತು. 1898ರ 'ಬಾಲ್ ಡಿ' ಗುಂಡಿಗೆ ಚೂಪು ಮೂತಿಯೂ ಹಿಂದಕ್ಕೆ ಸಣ್ಣಗಾಗುವ ಬುಡವೂ, ಅಂದರೆ ಬೋಟ್‌ಟೇಲ್ ಕೂಡ, ಇದ್ದವು. ಜರ್ಮನಿ 14.7 ಗ್ರಾಂನ ದುಂಡುಮೂತಿ ಬಿಟ್ಟು 10 ಗ್ರಾಂನ ಚೂಪು ಗುಂಡು ಹಿಡಿಯಿತು. 1906ರಲ್ಲಿ ಅಮೆರಿಕವೂ 150 ಗ್ರೇನ್‌ಗೆ ಇಳಿಯಿತು. ಈ ಎರಡೂ ಹಗುರ, ಎರಡಕ್ಕೂ ವೇಗವಿತ್ತು, ಆದರೆ ಬುಡ ಚಪ್ಪಟೆ, ಹಾಗಾಗಿ ಪ್ರತಿರೋಧ ಹೆಚ್ಚು.

ಇದರ ಬೆಲೆ ಮೊದಲ ಮಹಾಯುದ್ಧದಲ್ಲಿ ತಿಳಿಯಿತು. ಅಮೆರಿಕದ ಮೆಷಿನ್‌ಗನ್ ಗುಂಡು 4,700 ಗಜ ಹೋಗುತ್ತದೆಂದು ಪಟ್ಟಿಗಳು ಹೇಳುತ್ತಿದ್ದವು, ನಿಜಕ್ಕೂ ಹೋಗಿದ್ದು ಸುಮಾರು 3,400 ಗಜ. ಸ್ವಿಟ್ಜರ್ಲೆಂಡ್ 1911ರಿಂದಲೇ 174 ಗ್ರೇನ್ ಬೋಟ್‌ಟೇಲ್ ಬಳಸುತ್ತಿತ್ತು. ಅಮೆರಿಕದ 1926ರ ಎಂ1 ಗುಂಡು ಅದೇ ದಾರಿಯದು, ಬುಡದ ಇಳಿಜಾರು 9 ಡಿಗ್ರಿ. ಅದು ಎಷ್ಟು ದೂರ ಹೋಯಿತೆಂದರೆ ಅನೇಕ ಅಭ್ಯಾಸ ಮೈದಾನಗಳ ಸುರಕ್ಷತಾ ಗಡಿಯೇ ಸಾಲದಾಯಿತು. 1930ರ ದಶಕದ ಕೊನೆಗೆ 152 ಗ್ರೇನ್ ಚಪ್ಪಟೆ ಬುಡದ ಎಂ2 ಬಂತು. ಹೊರಡುವ ವೇಗ ಎಂ1ಗಿಂತ ಹೆಚ್ಚು, ದೂರದಲ್ಲಿ ಗಾಳಿಗೆ ಸರಿಯುವುದೂ ಹೆಚ್ಚು. ಗುರಿಕಾರರ ದೃಷ್ಟಿಯಲ್ಲಿ ಇದು ಹಿಂದಡಿಯೇ.

2007ರಲ್ಲಿ ಬಂದ 6.5 ಕ್ರೀಡ್‌ಮೋರ್ ಎಂಬ ರೈಫಲ್ ತೋಟೆಯ 140 ಗ್ರೇನ್ ಗುಂಡು .308ರ 175 ಗ್ರೇನ್‌ಗಿಂತ ಹಗುರ, ಆದರೂ ಅದಕ್ಕಿಂತ ಕಡಿಮೆ ಸರಿಯುತ್ತದೆ. ಸಪೂರ ಮೈಯ ಉದ್ದ ಗುಂಡು ವೇಗವನ್ನು ಉಳಿಸಿಕೊಳ್ಳುತ್ತದೆ. ಆದರೆ ಉದ್ದ ಗುಂಡಿಗೆ ನಳಿಕೆಯೊಳಗಿನ ಸುರುಳಿ ಗೀರುಗಳ ಬಿಗಿಯಾದ ತಿರುವು ಬೇಕು: ಈ ರೈಫಲ್‌ಗಳಲ್ಲಿ 8 ಇಂಚಿಗೆ ಒಂದು ಸುತ್ತು. ತಿರುವು ಸಾಲದಿದ್ದರೆ ಗುಂಡು ತೂರಾಡಿ ಪ್ರತಿರೋಧ ಏರುತ್ತದೆ. ಗುರಿಕಾಗದದಲ್ಲಿ ತೂತು ದುಂಡಗಿರದೆ ಮೊಟ್ಟೆಯಾಕಾರವಾಗಿದ್ದರೆ, ಗಾಳಿಯ ಲೆಕ್ಕಕ್ಕಿಂತ ಮೊದಲು ಗುಂಡನ್ನೇ ಬದಲಿಸಬೇಕು.

.22 ಎಲ್‌ಆರ್ ಎಂಬ ಸಣ್ಣ ತೋಟೆಯ ವಿಷಯಕ್ಕೆ ಬಂದರೆ ಹೆಚ್ಚಿನ ವೇಗವೇ ಶತ್ರು. 40 ಗ್ರೇನ್ ಗುಂಡು ಸೆಕೆಂಡಿಗೆ 380 ಮೀಟರ್‌ನಲ್ಲಿ ಹೊರಟರೆ ಶಬ್ದದ ವೇಗದ ಆಸುಪಾಸಿನಲ್ಲಿ ಪ್ರತಿರೋಧ ಥಟ್ಟನೆ ಏರುವುದರಿಂದ ವೇಗ ಬೇಗ ಸೋರಿಹೋಗುತ್ತದೆ. ಸೆಕೆಂಡಿಗೆ 4.5 ಮೀಟರ್ ಅಡ್ಡಗಾಳಿಗೆ 100 ಗಜದಲ್ಲಿ ಅದು ಸುಮಾರು 13 ಸೆಂ.ಮೀ. ಸರಿದರೆ, 325 ಮೀಟರ್ ವೇಗದಲ್ಲಿ ಹೊರಟಿದ್ದು 10ರ ಆಸುಪಾಸು. 50 ಮೀಟರ್ ರೈಫಲ್ ಸ್ಪರ್ಧೆಯವರು ನಿಧಾನದ ತೋಟೆಯನ್ನೇ ಆರಿಸುವುದಕ್ಕೆ ಇದೂ ಒಂದು ಕಾರಣ. ಚಳಿಯನ್ನೂ ಮರೆಯುವಂತಿಲ್ಲ: 15 ಡಿಗ್ರಿಯಲ್ಲಿ 340 ಮೀಟರ್ ಇರುವ ಶಬ್ದದ ವೇಗ 0 ಡಿಗ್ರಿಯಲ್ಲಿ 331ಕ್ಕೆ ಇಳಿಯುತ್ತದೆ. ಆಗ ಅದೇ ನಿಧಾನದ ತೋಟೆಯೂ ಆ ಗಡಿಗೆ ತಾಗಿ ಹಾರುತ್ತದೆ, ಗಾಳಿಯ ತಿದ್ದುಪಡಿ ಒಂದಿಷ್ಟು ಹೆಚ್ಚು ಬೇಕಾಗುತ್ತದೆ.