ಹೆಗಲಿಗೆ ಭಾರವಾಗದ ಫುಲ್ ಫ್ರೇಮ್

ಮದುವೆ ಫೋಟೊಗ್ರಫಿ ನನ್ನ ಕಸುಬು. ಮುಹೂರ್ತದ ದಿನ ಬ್ಯಾಗಿನಲ್ಲಿ ಎರಡು ಬಾಡಿ (ಲೆನ್ಸಿಲ್ಲದ ಕ್ಯಾಮೆರಾ), 24-70, 70-200 ಜೂಮ್ ಲೆನ್ಸ್, ಎರಡು ಫ್ಲ್ಯಾಶ್, ಅವುಗಳ ಬ್ಯಾಟರಿ ಎಲ್ಲ ಇರುತ್ತವೆ. ಆರತಕ್ಷತೆ ಮುಗಿಸಿ ಬಂದು ಆ ಬ್ಯಾಗನ್ನು ಬೀರುವಿನಲ್ಲಿಟ್ಟರೆ ಮುಂದಿನ ಮುಹೂರ್ತದವರೆಗೆ ಅದನ್ನು ತೆಗೆಯುವ ಮನಸ್ಸಾಗುತ್ತಿರಲಿಲ್ಲ. ಆಷಾಢ ಬಂತೆಂದರೆ ತಿಂಗಳಿಡೀ ಕ್ಯಾಮೆರಾ ಮುಟ್ಟದೆ ಕಳೆದ ವರ್ಷಗಳಿವೆ. ಬೆಳಕನ್ನು ಗಮನಿಸುವ ಅಭ್ಯಾಸ ಒಂದೇ ತಿಂಗಳಲ್ಲಿ ಮೊಂಡಾಗುತ್ತದೆ. ಶ್ರಾವಣದ ಮೊದಲ ಮದುವೆಯಲ್ಲಿ ಅದು ನನಗೆ ಚೆನ್ನಾಗಿ ತಿಳಿಯುತ್ತಿತ್ತು.

ದಿನವೂ ಜೊತೆಗಿರಲಿ ಎಂದು ಒಂದು ಸಣ್ಣ ಫುಲ್ ಫ್ರೇಮ್ (35 ಎಂಎಂ ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡ ಸೆನ್ಸರಿನ) ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾ ಕೊಂಡೆ. 2023ರಲ್ಲಿ ಬಂದ ಸೋನಿ ಎ7ಸಿ 2. ಅದನ್ನು ನನ್ನ ಕೈಯಲ್ಲಿ ಕಂಡ ಹುಡುಗರು, "ಸರ್, ನಾನೂ ಇದೇ ಬಾಡಿ ತಗೊಳ್ಳಲಾ?" ಅನ್ನುತ್ತಾರೆ. "ಮೇಲೆ ಯಾವ ಲೆನ್ಸ್ ಹಾಕ್ತೀಯಪ್ಪ?" ಎಂದರೆ, "24-70 ಇದೆಯಲ್ಲ ಸರ್" ಎಂಬ ಉತ್ತರ ಬರುತ್ತದೆ.

ಗ್ರಾಂ ಲೆಕ್ಕ ಹಾಕಿ ನೋಡಿ. ದೊಡ್ಡಣ್ಣನಾದ ಎ7 4 ಬ್ಯಾಟರಿ, ಕಾರ್ಡ್ ಸೇರಿ 658 ಗ್ರಾಂ. ಎ7ಸಿ 2 ಹಾಗೆಯೇ ತೂಗಿದರೆ 514. ಬಾಡಿ ಬದಲಿಸಿ ಉಳಿಸಿದ್ದು 144 ಗ್ರಾಂ. ಇನ್ನು ಲೆನ್ಸ್. (ಎಫ್ ಎಂದರೆ ಅಪರ್ಚರಿನ, ಅಂದರೆ ಬೆಳಕು ಒಳಬಿಡುವ ಕಿಂಡಿಯ ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು.) 24-70 ಎಫ್/2.8 ಜಿಎಂನ ಎರಡನೇ ಆವೃತ್ತಿ 695 ಗ್ರಾಂ, 40 ಎಂಎಂ ಎಫ್/2.5 ಜಿ ಕೇವಲ 173. ಇಲ್ಲಿ ಉಳಿದದ್ದು 522 ಗ್ರಾಂ, ಹೆಚ್ಚುಕಡಿಮೆ ಅರ್ಧ ಲೀಟರಿನ ಒಂದು ಹಾಲಿನ ಪ್ಯಾಕೆಟ್. ಸಣ್ಣ ಬಾಡಿಗೆ ದೊಡ್ಡ ಜೂಮ್ ತಗುಲಿಸಿದರೆ ಮೂತಿ ಕೆಳಕ್ಕೆ ಜಗ್ಗುತ್ತದೆ, ಚಿಕ್ಕ ಗ್ರಿಪ್ಪಿನಲ್ಲಿ ಕಿರುಬೆರಳಿಗೆ ಜಾಗ ಸಿಗುವುದಿಲ್ಲ, ಮಣಿಕಟ್ಟು ನೋಯುತ್ತದೆ. ಎರಡೇ ವಾರದಲ್ಲಿ ಅದೂ ಬೀರು ಸೇರುತ್ತದೆ.

ಫುಲ್ ಫ್ರೇಮ್ ಎಂದರೆ ದೊಡ್ಡದು, ವೃತ್ತಿಪರರದು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಈ 24×36 ಮಿಲಿಮೀಟರಿನ ಚೌಕಟ್ಟು ಹುಟ್ಟಿದ್ದೇ ಹೊರೆ ಇಳಿಸುವುದಕ್ಕೆ. ಜರ್ಮನಿಯ ವೆಟ್ಸ್‌ಲರ್‌ನಲ್ಲಿ ಲೈಟ್ಸ್ ಕಂಪನಿಯಲ್ಲಿದ್ದ ಆಸ್ಕರ್ ಬಾರ್ನಾಕ್ ಅವರಿಗೆ ಗುಡ್ಡ ಸುತ್ತುವ ಆಸೆ, ಜೊತೆಗೆ ಉಬ್ಬಸ. ಗಾಜಿನ ಪ್ಲೇಟಿನ ದೊಡ್ಡ ಕ್ಯಾಮೆರಾ ಹೊರುವುದು ಅವರಿಂದ ಆಗದ ಮಾತು. ಸಿನಿಮಾಕ್ಕೆ ಬಳಸುತ್ತಿದ್ದ 35 ಎಂಎಂ ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಎರಡು ಸಿನಿಮಾ ಫ್ರೇಮಿನಷ್ಟು ಅಗಲಕ್ಕೆ ಚಿತ್ರ ಮೂಡಿಸುವ ಪುಟ್ಟ ಕ್ಯಾಮೆರಾ ಮಾಡಿದರು. 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಅದು ಲೈಕಾ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಮುಂದೆ ನಾವೇ ಅದೇ ಅಳತೆಗೆ ಕನ್ನಡಿಪೆಟ್ಟಿಗೆ, ಮೋಟರ್, ದಪ್ಪ ಜೂಮ್ ಸೇರಿಸುತ್ತ ಬೆಳೆಸಿದೆವು. ಕನ್ನಡಿ ಹೋದ ಮೇಲೆ ಲೆನ್ಸಿನ ಬುಡಕ್ಕೂ ಸೆನ್ಸರಿಗೂ ನಡುವಿನ ದೂರ ಕ್ಯಾನನ್ ಡಿಎಸ್‌ಎಲ್‌ಆರ್‌ನ 44 ಮಿಲಿಮೀಟರಿನಿಂದ ಸೋನಿ ಇ-ಮೌಂಟ್‌ನ 18ಕ್ಕೆ ಇಳಿದಿದೆ. ತೀರಾ ದೊಡ್ಡ ಅಪರ್ಚರ್ ಬೇಕೆಂದು ಹಟ ಹಿಡಿಯದಿದ್ದರೆ 35-40 ಎಂಎಂ ಲೆನ್ಸುಗಳು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾಗಬಲ್ಲವು.

ಇಷ್ಟಾದರೂ ಇದು ಎಲ್ಲರಿಗೂ ಸರಿ ಎಂದು ಹೇಳಲಾರೆ. ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರಿಗಿಂತ ಫುಲ್ ಫ್ರೇಮಿನ ವಿಸ್ತೀರ್ಣ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು. ಒಂದೇ ಎಫ್ ಸಂಖ್ಯೆಯಲ್ಲಿ ಒಂದು ಸ್ಟಾಪಿಗಿಂತ (ಒಂದು ಸ್ಟಾಪ್ ಎಂದರೆ ಎರಡು ಪಟ್ಟು ಬೆಳಕು) ಸ್ವಲ್ಪ ಹೆಚ್ಚಿನ ಲಾಭ. ಆದರೆ ಎಪಿಎಸ್-ಸಿ ಸೆನ್ಸರಿನ ಫ್ಯೂಜಿಫಿಲ್ಮ್ ಎಕ್ಸ್100-6ರಲ್ಲಿ ಲೆನ್ಸೇ ಎಫ್/2. ಅದನ್ನು ನನ್ನ ಎಫ್/2.5 ಲೆನ್ಸಿನ ಜೊತೆ ಹೋಲಿಸಿದರೆ ನನಗೆ ಉಳಿಯುವ ಲಾಭ ಅರ್ಧ ಸ್ಟಾಪ್ ಅಷ್ಟೇ. ಫ್ಯೂಜಿ ಲೆನ್ಸ್ ಸೇರಿಯೇ 521 ಗ್ರಾಂ, ನನ್ನದು 687. ಮನೆಯಲ್ಲಿ ಫುಲ್ ಫ್ರೇಮ್ ಲೆನ್ಸ್ ಒಂದೂ ಇಲ್ಲದವರು ಅಂಥದ್ದನ್ನೋ, ಜೇಬಿಗೆ ಹೋಗುವ 257 ಗ್ರಾಮಿನ ರಿಕೋ ಜಿಆರ್ 3 ಅನ್ನೋ ನೋಡುವುದು ಒಳ್ಳೆಯದು. ನನ್ನ ಕಾರಣ ಬೇರೆ. ಮದುವೆ ಕ್ಯಾಮೆರಾದ ಬ್ಯಾಟರಿಯೇ ಇದಕ್ಕೂ ಆಗುತ್ತದೆ, 85 ಎಂಎಂ ಲೆನ್ಸ್ ಬೇಕೆನಿಸಿದರೆ ಇದಕ್ಕೇ ಜೋಡಿಸಬಹುದು, ಎರಡರ ಬಣ್ಣವೂ ಎಡಿಟಿಂಗ್‌ನಲ್ಲಿ ಜಗಳವಿಲ್ಲದೆ ಕೂಡುತ್ತದೆ. ಹಾಗೆಂದು ಮುಹೂರ್ತಕ್ಕೆ ಇದೊಂದನ್ನೇ ನೆಚ್ಚುವುದಿಲ್ಲ, ಏಕೆಂದರೆ ಇದರಲ್ಲಿ ಕಾರ್ಡ್ ಸ್ಲಾಟ್ ಒಂದೇ, ಆ ಕಾರ್ಡ್ ಕೈಕೊಟ್ಟರೆ ಇನ್ನೊಂದು ಪ್ರತಿ ಇರುವುದಿಲ್ಲ.

ಮೈಸೂರಿನ ದೇವರಾಜ ಮಾರುಕಟ್ಟೆಗೆ ಬೆಳಿಗ್ಗೆ ಆರಕ್ಕೆ ಹೋದರೆ ಹೂವಿನ ಸಾಲಿನಲ್ಲಿ ಸೂರ್ಯನ ಬೆಳಕು ಇನ್ನೂ ಇಳಿದಿರುವುದಿಲ್ಲ, ಎಲ್‌ಇಡಿ ಬಲ್ಬುಗಳೇ ಗತಿ. ಮೊದಲ ಸಲ ಯಾರಿಗೂ ತೊಂದರೆಯಾಗದಿರಲಿ ಎಂದು ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿಕೊಂಡು, ಸೆಕೆಂಡಿನ 1/500ರಲ್ಲಿ ತೆಗೆದೆ. ಮನೆಗೆ ಬಂದು ನೋಡಿದರೆ ಮಲ್ಲಿಗೆಯ ರಾಶಿಯ ಮೇಲೆ ಆರೇಳು ಕಪ್ಪು ಪಟ್ಟಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಅದರಲ್ಲಿ ಉರಿಯುವ ಅನೇಕ ಅಗ್ಗದ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಈ ಸೆನ್ಸರಿನಲ್ಲಿ ಪೂರ್ತಿ ಓದಲು ಸೆಕೆಂಡಿನ ಸುಮಾರು ಹದಿನೈದನೇ ಒಂದು ಭಾಗ ಬೇಕು. ಅಷ್ಟರಲ್ಲಿ ಬಲ್ಬು ಆರೇಳು ಸಲ ಮಂಕಾಗಿ ಬೆಳಗಿರುತ್ತದೆ. ಶಟರನ್ನು 1/100 ಅಥವಾ 1/50ಕ್ಕೆ ಇಳಿಸಿದರೆ ಪ್ರತಿ ಸಾಲಿಗೂ ಪೂರ್ಣ ಮಿನುಗು ಸಿಕ್ಕಿ ಪಟ್ಟಿ ಮಾಯವಾಗುತ್ತದೆ. ಈಗ ಅಲ್ಲಿ ನನ್ನದು 1/100, ಎಫ್/2.5, ಆಟೊ ಐಎಸ್‌ಒ (ಬೆಳಕಿನ ಸಂವೇದನೆಯನ್ನು ಕ್ಯಾಮೆರಾವೇ ಹೊಂದಿಸಿಕೊಳ್ಳುತ್ತದೆ). ಸಾಮಾನ್ಯವಾಗಿ 3200ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಬಿಳಿ ಹೂವಿನ ವಿವರ ಸುಟ್ಟುಹೋಗದಂತೆ ಎಕ್ಸ್‌ಪೋಷರನ್ನು ತುಸು ಕೆಳಗಿಡುತ್ತೇನೆ.

ಮಧ್ಯಾಹ್ನದ ತೊಂದರೆ ಇದಕ್ಕೆ ತದ್ವಿರುದ್ಧ. ಸುಡುಬಿಸಿಲಿನಲ್ಲಿ ಐಎಸ್‌ಒ 100, ಎಫ್/16ಕ್ಕೆ 1/100 ಎಂಬ ಹಳೆಯ ಲೆಕ್ಕವನ್ನು ಎಫ್/2.5ಕ್ಕೆ ತಂದರೆ 1/4000 ಆಗುತ್ತದೆ. ಈ ಬಾಡಿಯ ಮೆಕ್ಯಾನಿಕಲ್ ಶಟರಿನ ಗರಿಷ್ಠ ವೇಗವೂ ಸರಿಯಾಗಿ ಅಷ್ಟೇ. ಎಫ್/1.4 ಲೆನ್ಸನ್ನು ಪೂರ್ತಿ ತೆರೆದು ತೆಗೆಯುವವರಿಗೆ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಮಸುಕು ಗಾಜು) ಬೇಕಾಗುತ್ತದೆ. ಇದರಲ್ಲಿ ಶಟರಿನ ಮೊದಲ ಪರದೆ ಯಾವಾಗಲೂ ಎಲೆಕ್ಟ್ರಾನಿಕ್. ಹಾಗಾಗಿ ಅಪರ್ಚರ್ ಪೂರ್ತಿ ತೆರೆದು ಅತಿ ವೇಗದಲ್ಲಿ ತೆಗೆದರೆ ಹಿನ್ನೆಲೆಯ ಬೆಳಕಿನ ಬಿಲ್ಲೆಗಳ ಅಂಚು ಕತ್ತರಿಸಿದಂತೆ ಕಾಣಬಹುದು. ಬಿಸಿಲಲ್ಲಿ ನಾನು ಎಫ್/8ಕ್ಕೆ ಇಳಿಸಿ ನೆಮ್ಮದಿಯಾಗಿರುತ್ತೇನೆ.

ಒಯ್ಯುವ ಬಗ್ಗೆಯೂ ಒಂದು ಮಾತು. ಬಟ್ಟೆಯ ಜೋಳಿಗೆ, ಮಣಿಕಟ್ಟಿನ ಪಟ್ಟಿ, ಲೆನ್ಸಿಗೆ 49 ಎಂಎಂ ಫಿಲ್ಟರ್, ಇಷ್ಟು ಸಾಕು. ಸ್ಕೂಟರಿನ ಡಿಕ್ಕಿಯಲ್ಲಿ ದಯವಿಟ್ಟು ಇಡಬೇಡಿ. ಬಿಸಿಲಿಗೆ ಅದು ಒಲೆಯಂತೆ ಕಾಯುತ್ತದೆ, ಹಳ್ಳದಲ್ಲಿ ಎಗರಿದಾಗ ಕ್ಯಾಮೆರಾವೂ ಎಗರುತ್ತದೆ. ಮಳೆಗಾಲದಲ್ಲಿ ಒದ್ದೆ ಜೋಳಿಗೆಯೊಳಗೇ ಬಿಟ್ಟರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಮನೆಗೆ ಬಂದ ಕೂಡಲೇ ಒರೆಸಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಗೆ ಸೇರಿಸಿ. ದಿನವೂ ಬಳಸುವ ಲೆನ್ಸಿಗೆ ಬೂಷ್ಟು ಹಿಡಿಯುವುದು ಅಪರೂಪ. ಬೀರುವಿನಲ್ಲಿ ಕೂತ ಲೆನ್ಸಿಗೇ ಅಪಾಯ ಹೆಚ್ಚು.

40 ಎಂಎಂಗೆ ಹತ್ತಿರ ಹೋಗದೆ ಚಿತ್ರ ಸಿಗುವುದಿಲ್ಲ, ಹತ್ತಿರ ಹೋದರೆ ಮಾತಾಡಲೇಬೇಕು. ಹೂ ಕಟ್ಟುವ ಒಬ್ಬ ಅಕ್ಕನ ಮುಂದೆ ಕ್ಯಾಮೆರಾ ತೋರಿಸಿ, "ತೆಗೀಲಾ ಅಕ್ಕ?" ಎಂದೆ. "ಮೊಕ ಬ್ಯಾಡ ಕಣಪ್ಪ, ಹೂವ ತಕ್ಕೊ" ಅಂದರು. ಕೆಳಗೆ ಕೂತು ಬೆರಳುಗಳನ್ನಷ್ಟೇ ತೆಗೆದೆ. ಎರಡು ಮಲ್ಲಿಗೆ ಈ ಕಡೆ, ಎರಡು ಆ ಕಡೆ, ನಡುವೆ ಬಾಳೆನಾರಿನ ಗಂಟು, ಆಗಾಗ ನೀರಿನ ಬಟ್ಟಲಿಗೆ ಅದ್ದಿ ತೆಗೆಯುವ ಹೆಬ್ಬೆರಳು. ಮುಂದಿನ ವಾರ ಆರಿಂಚು ನಾಲ್ಕಿಂಚಿನ ಪ್ರಿಂಟ್ ಒಯ್ದು ಕೊಟ್ಟೆ. ಬಲ್ಬಿನ ಕೆಳಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು. "ನಾರು ಸೀಳಿರೋದೂ ಕಾಣ್ತದಲ್ಲ" ಎನ್ನುತ್ತ ಅದನ್ನು ಗಲ್ಲಾಡಬ್ಬಿಯ ಮುಚ್ಚಳದೊಳಗೆ ಸಿಕ್ಕಿಸಿ, ನನಗೆ ಒಂದು ಮೊಳ ಹೂವು ಅಳೆದರು.