ಹೊಟ್ಟೆಯೊಳಗೆ ಅಡಗಿರುವ ಕುಲಗೋತ್ರ

ಮಧುಗಿರಿ, ಶಿರಾ, ಪಾವಗಡದ ಕಡೆ ಹೊಲದ ಬದುವಿನಲ್ಲಿ ಒಂದಾದರೂ ಹುತ್ತ ಕಾಣದ ಊರು ಸಿಗುವುದು ಕಷ್ಟ. ನಾಗರ ಪಂಚಮಿಗೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ತನಿ ಎರೆಯುತ್ತೇವೆ. ಪೂಜೆಯೆಲ್ಲ ಎಲ್ಲಿಂದಲೋ ಬಂದು ಸೇರಿಕೊಂಡ ಹಾವಿಗೆ. ಕಷ್ಟಪಟ್ಟು ಕಟ್ಟಿದ ಗೆದ್ದಲಿಗೆ ಸಿಗುವುದು ಕೀಟನಾಶಕ. ಈ ಅನ್ಯಾಯದ ಜೊತೆಗೆ ಇನ್ನೊಂದೂ ಇದೆ. ಗೆದ್ದಲನ್ನು ಇರುವೆಯ ಪಂಗಡಕ್ಕೆ ಸೇರಿಸಿಬಿಡುವವರು ಬಹಳ ಮಂದಿ. ವಂಶದ ಲೆಕ್ಕದಲ್ಲಿ ಗೆದ್ದಲು ಇರುವೆಗೆ ದೂರದ ನೆಂಟನೂ ಅಲ್ಲ. ಅದು ಜಿರಳೆ.

ಇರುವೆ ಕಣಜ ಮತ್ತು ಜೇನಿನ ಬಳಗದ್ದು. ಅದಕ್ಕೆ ಸಣ್ಣ ಸೊಂಟವಿದೆ, ಮೊಣಕೈಯಂತೆ ಬಾಗಿದ ಮೀಸೆಯಿದೆ. ಮೊಟ್ಟೆಯಿಂದ ಹೊರಟು ಮರಿಹುಳುವಾಗಿ, ಕೋಶದಲ್ಲಿ ಮಲಗಿ, ಆಮೇಲೆ ಇರುವೆಯಾಗುತ್ತದೆ. ಗೆದ್ದಲಿಗೆ ಸೊಂಟವೇ ಇಲ್ಲ, ಮೀಸೆ ನೆಟ್ಟಗೆ ಮಣಿ ಪೋಣಿಸಿದಂತಿರುತ್ತದೆ. ಕೋಶದ ಹಂತವೂ ಇಲ್ಲ. ಮೊಟ್ಟೆಯಿಂದ ಹೊರಬಂದ ಮರಿ ದೊಡ್ಡದರ ಪಡಿಯಚ್ಚು. ಇರುವೆಗಳಲ್ಲಿ ದುಡಿಯುವವರೆಲ್ಲ ಹೆಣ್ಣುಗಳು, ಗಂಡು ಕೂಡಿದ ಮೇಲೆ ಸಾಯುತ್ತದೆ. ಗೆದ್ದಲಿನಲ್ಲಿ ಕೆಲಸಗಾರರಲ್ಲೂ ಸೈನಿಕರಲ್ಲೂ ಎರಡೂ ಲಿಂಗದವರಿದ್ದಾರೆ. ರಾಜ ಬದುಕಿರುವವರೆಗೂ ರಾಣಿಯ ಪಕ್ಕದಲ್ಲೇ ಇರುತ್ತಾನೆ. ಗಟ್ಟಿ ಮಣ್ಣಿನ ಅಂತಃಪುರದಲ್ಲಿ ಊದಿಕೊಂಡು ಬಿದ್ದಿರುವ ರಾಣಿ ದಿನಕ್ಕೆ ಸಾವಿರಾರು ಮೊಟ್ಟೆ ಇಡುವುದನ್ನು ಎಲ್ಲರೂ ಬರೆಯುತ್ತಾರೆ. ಆ ಕತ್ತಲಲ್ಲಿ ಜೊತೆ ಬಿಡದ ರಾಜನನ್ನು ನೆನೆಯುವವರು ಕಡಿಮೆ.

1832ರಲ್ಲಿ ಫ್ರೆಂಚ್ ಕೀಟತಜ್ಞ ಬ್ರೂಲೆ ಗೆದ್ದಲುಗಳಿಗೆ ಐಸಾಪ್ಟೆರಾ ಎಂಬ ಪ್ರತ್ಯೇಕ ಗಣವನ್ನೇ ಕೊಟ್ಟಿದ್ದ. ಹತ್ತಿರ ಹತ್ತಿರ ಎರಡು ಶತಮಾನ ಆ ಪಟ್ಟ ಉಳಿಯಿತು. ಆದರೆ ಅನುಮಾನ ಬಹಳ ಮೊದಲೇ ಶುರುವಾಗಿತ್ತು, ಅದೂ ಹೊಟ್ಟೆಯಿಂದ. ಅಮೆರಿಕದ ಕಾಡುಗಳಲ್ಲಿ ಕೊಳೆತ ಮರದೊಳಗೆ ಸಂಸಾರ ಹೂಡುವ ಕ್ರಿಪ್ಟೋಸರ್ಕಸ್ ಎಂಬ ಜಿರಳೆಯಿದೆ. 1934ರಲ್ಲಿ ಕ್ಲೀವ್‌ಲ್ಯಾಂಡ್ ಎಂಬ ವಿಜ್ಞಾನಿ ಅದರ ಕರುಳಿನ ಬಗ್ಗೆ ವಿವರವಾಗಿ ಬರೆದರು. ಅಲ್ಲಿ ಮರದ ಸೆಲ್ಯುಲೋಸನ್ನು ಜೀರ್ಣಿಸಿ ಕೊಡುವ ಏಕಕೋಶಜೀವಿಗಳಿದ್ದವು. ಮರ ತಿನ್ನುವ ಗೆದ್ದಲುಗಳ ಕರುಳಿನಲ್ಲಿರುವುದೂ ಅದೇ ಬಳಗದವು. ಆಸ್ಟ್ರೇಲಿಯಾದ ಮ್ಯಾಸ್ಟೊಟರ್ಮಿಸ್ ಎಂಬ ಹಳೆಯ ಕಾಲದ ಗೆದ್ದಲಂತೂ ಜಿರಳೆಯ ಹಾಗೆಯೇ ಮೊಟ್ಟೆಗಳನ್ನು ಒತ್ತಾಗಿ ಜೋಡಿಸಿ ಇಡುತ್ತದೆ. ಕೊನೆಗೆ 2007ರಲ್ಲಿ ಡಿಎನ್‌ಎ ಪುರಾವೆ ಮುಂದಿಟ್ಟುಕೊಂಡು ಗೆದ್ದಲುಗಳನ್ನು ಜಿರಳೆಗಳ ಗಣವಾದ ಬ್ಲಾಟೋಡಿಯಾದೊಳಗೆ ಸೇರಿಸಿದರು. ಜಗತ್ತಿನ ಸುಮಾರು ಮೂರು ಸಾವಿರ ಜಾತಿಯ ಗೆದ್ದಲುಗಳ ವಿಳಾಸ ಒಮ್ಮೆಗೇ ಬದಲಾಯಿತು.

ಇಷ್ಟು ದೊಡ್ಡ ಸಮಾಜವನ್ನು ಜಿರಳೆಯ ಸಂತಾನ ಕಟ್ಟಿದ್ದು ಹೇಗೆ? ಉತ್ತರದ ಒಂದು ಪಾಲು ಅದೇ ಕರುಳಿನಲ್ಲಿದೆ. ಬೆಳೆಯುವ ಗೆದ್ದಲು ಪೊರೆ ಕಳಚುವಾಗ ಕರುಳಿನ ಒಳಪದರವೂ ಕಳಚಿ, ಅದರ ಜೊತೆ ಜೀರ್ಣಕ್ಕೆ ನೆರವಾಗುವ ಜೀವಿಗಳೂ ಹೋಗಿಬಿಡುತ್ತವೆ. ಮತ್ತೆ ಪಡೆಯಬೇಕೆಂದರೆ ಇನ್ನೊಂದು ಗೆದ್ದಲಿನ ಗುದದ್ವಾರದಿಂದ ಬರುವ ರಸವನ್ನು ಕುಡಿಯಬೇಕು. ಓದುವವರಿಗೆ ಹೇಸಿಗೆಯೆನಿಸಬಹುದು. ಆದರೆ ಒಂಟಿಯಾಗಿ ಹೊರಟ ಗೆದ್ದಲು ಹೊಟ್ಟೆ ತುಂಬ ಮರ ತಿಂದೂ ಹಸಿವಿನಿಂದ ಸಾಯಬೇಕಾಗುತ್ತಿತ್ತು. ಗುಂಪಿನ ಬದುಕಿಗೆ ಈ ಹಂಗೂ ಒಂದು ಮೂಲ ಎಂಬ ವಾದ ನನಗೆ ಒಪ್ಪಿಗೆಯಾಗುತ್ತದೆ.

ನಮ್ಮ ಹುತ್ತದ ಗೆದ್ದಲು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ತುಮಕೂರಿನ ಕೆಂಪು ಮಣ್ಣಿನಲ್ಲಿ ಎತ್ತರದ, ಪಕ್ಕೆಗಳುಳ್ಳ ಹುತ್ತ ಕಟ್ಟುವ ಒಡಾಂಟೊಟರ್ಮಿಸ್ ಒಬೆಸಸ್‌ನ ಕರುಳಿನಲ್ಲಿ ಆ ಏಕಕೋಶಜೀವಿಗಳಿಲ್ಲ. ಬದಲಿಗೆ ಅದು ಹೊಟ್ಟೆಯ ಕೆಲಸವನ್ನೇ ಹೊರಗಿಟ್ಟಿದೆ. ಹುತ್ತದೊಳಗಿನ ಕೋಣೆಗಳಲ್ಲಿ ಸ್ಪಂಜಿನ ಹಾಗೆ ಹಗುರವಾದ, ತೂತು ತೂತಾದ ಕಂದು ಗಡ್ಡೆಗಳಿರುತ್ತವೆ. ಅವು ಟರ್ಮಿಟೋಮೈಸಿಸ್ ಎಂಬ ಶಿಲೀಂಧ್ರದ ತೋಟಗಳು. ಎಳೆಯ ಕೆಲಸಗಾರರು ಒಣ ಎಲೆ, ಕಡ್ಡಿ, ಹುಲ್ಲನ್ನು ಶಿಲೀಂಧ್ರದ ಬಿಳಿ ಮಣಿಗಳ ಜೊತೆ ತಿಂದು, ಅರೆ ಜೀರ್ಣವಾದದ್ದನ್ನು ತೋಟದ ಮೇಲ್ಭಾಗಕ್ಕೆ ವಿಸರ್ಜಿಸುತ್ತಾರೆ. ಮಣಿಗಳೊಡನೆ ಬಂದ ಬೀಜಕಗಳು ಅಲ್ಲೇ ಬಿತ್ತನೆಯಾಗುತ್ತವೆ. ಶಿಲೀಂಧ್ರ ಗಟ್ಟಿ ನಾರನ್ನು ಒಡೆದು ಮೆತ್ತಗಾಗಿಸುತ್ತದೆ. ತಳದಲ್ಲಿ ಹಣ್ಣಾದ ಭಾಗವನ್ನು ಹಿರಿಯ ಕೆಲಸಗಾರರು ತಿನ್ನುತ್ತಾರೆ. ಮಳೆಗಾಲದಲ್ಲಿ ಹುತ್ತದ ಸುತ್ತ ಏಳುವ ರುಚಿಯಾದ ಅಣಬೆ ಈ ತೋಟದ್ದೇ.

ತೋಟಕ್ಕೆ ಹದವಾದ ತೇವ ಬೇಕು, ಉಸಿರಾಡಲು ಗಾಳಿಯೂ ಬೇಕು. ಹುತ್ತದ ಎತ್ತರ ಇರುವುದು ಅದಕ್ಕೆ. ವಾಸ ಹೆಚ್ಚಾಗಿ ಬುಡದಲ್ಲಿ ಮತ್ತು ನೆಲದೊಳಗೆ. ದಕ್ಷಿಣ ಭಾರತದ ಇದೇ ಜಾತಿಯ ಹುತ್ತಗಳೊಳಗೆ ಸಂವೇದಕ ತೂರಿಸಿ ಅಳೆದವರು 2015ರಲ್ಲಿ ಪ್ರಕಟಿಸಿದ ಫಲಿತಾಂಶ ಸೊಗಸಾಗಿದೆ. ಹಗಲು ಹೊರಗಿನ ಪಕ್ಕೆಗಳು ಬೇಗ ಕಾದು ಅಲ್ಲಿನ ಗಾಳಿ ಮೇಲೇರುತ್ತದೆ, ನಡುವಿನ ಗಾಳಿ ಕೆಳಗಿಳಿಯುತ್ತದೆ. ರಾತ್ರಿ ಹೊರಭಾಗ ತಣ್ಣಗಾಗಿ ಸುತ್ತು ತಿರುಗುಮುರುಗಾಗುತ್ತದೆ. ಒಳಗೆ ಸೇರಿದ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗುವುದು ಈ ರಾತ್ರಿ ಪಾಳಿಯಲ್ಲಿ. ಗೋಡೆಯ ಮಣ್ಣನ್ನು ಭಾರತೀಯ ವಿಜ್ಞಾನ ಸಂಸ್ಥೆಯವರು ಪರೀಕ್ಷಿಸಿದ್ದಾರೆ. ಗಟ್ಟಿತನಕ್ಕೆ ಹದವಾದ ನೀರೇ ಸಾಕು. ಮಳೆಗೆ ಕರಗದಂತೆ ಕಾಯುವುದು ಗೆದ್ದಲಿನ ಸ್ರಾವ.

ತೇವದ ಜೊತೆಗಿನ ಈ ನಂಟನ್ನು ಹಿಂದಿನವರೂ ಗಮನಿಸಿದ್ದರು. ನೇರಳೆ ಮರದ ಪೂರ್ವಕ್ಕೆ ಹುತ್ತವಿದ್ದರೆ ಮರದ ದಕ್ಷಿಣಕ್ಕೆ ಎರಡು ಆಳು ಆಳದಲ್ಲಿ ಸಿಹಿನೀರು ಸಿಗುತ್ತದೆ ಎಂದು ಆರನೆಯ ಶತಮಾನದ ವರಾಹಮಿಹಿರ ಬರೆದಿದ್ದಾನೆ. ಕೊಳವೆಬಾವಿಯ ಲಾರಿ ಕರೆಸುವವರು ಇದನ್ನು ನೆಚ್ಚಿ ಕೂರುವಂತಿಲ್ಲ. ನಮ್ಮ ಅಂತರ್ಜಲ ಆಳುಗಳ ಲೆಕ್ಕ ದಾಟಿ ಎಷ್ಟೋ ಕಾಲವಾಯಿತು.

ತೆಂಗಿನ ಮರದ ಕಾಂಡಕ್ಕೆ ಮೆತ್ತಿರುವ ಮಣ್ಣಿನ ಹಾಳೆಯನ್ನು ಬೆರಳಿನಿಂದ ಸ್ವಲ್ಪ ಕೆರೆದು ನೋಡಿ. ಬಿಳಿಚಿದ ಕೆಲಸಗಾರರು ಬೆಳಕಿಗೆ ಹೆದರಿ ಒಳಗೋಡುತ್ತಾರೆ. ಕಂದು ತಲೆಯ ಸೈನಿಕರು ದವಡೆ ಅಗಲಿಸಿಕೊಂಡು ಒಡಕಿನ ಅಂಚಿಗೆ ಬಂದು ನಿಲ್ಲುತ್ತಾರೆ. ಭೂತಗನ್ನಡಿಯಲ್ಲಿ ನೋಡಿದರೆ ಎಡ ದವಡೆಯ ಒಳ ಅಂಚಿನಲ್ಲಿ ಒಂದು ಹಲ್ಲು ಕಾಣುತ್ತದೆ. ಕೆಲಸಗಾರರು ಎಲ್ಲ ಜಾತಿಯಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ವರ್ಗೀಕರಣ ಮಾಡುವವರು ಹಿಡಿಯುವುದು ಸೈನಿಕನ ತಲೆಯನ್ನೇ: ದವಡೆಯ ಉದ್ದವೆಷ್ಟು, ಹಲ್ಲು ಎಲ್ಲಿದೆ, ತಲೆಯ ಆಕಾರ ಹೇಗಿದೆ. ಆ ದವಡೆಯಿಂದ ಕಾದಾಡಬಹುದೇ ಹೊರತು ಮೇಯಲಾಗದು. ಸೈನಿಕನಿಗೆ ಕೆಲಸಗಾರರೇ ಬಾಯಿಗೆ ಉಣಿಸಬೇಕು. ಅಷ್ಟರಲ್ಲಿ ಒಬ್ಬೊಬ್ಬ ಕೆಲಸಗಾರನೂ ಒಂದೊಂದು ಒದ್ದೆ ಮಣ್ಣಿನ ಉಂಡೆ ತಂದು ಒಡಕಿಗೆ ಒತ್ತಲು ಶುರುಮಾಡಿರುತ್ತಾನೆ. ಬೆಳೆದ ಮರದಲ್ಲಿ ಅವು ಸಾಮಾನ್ಯವಾಗಿ ಮೇಯುತ್ತಿರುವುದು ಸತ್ತ ತೊಗಟೆಯನ್ನು. ಮರಕ್ಕೆ ಗಾಬರಿಪಡುವಂಥದ್ದೇನೂ ಇಲ್ಲ, ಎಳೆಯ ಸಸಿಯಾದರೆ ಮಾತು ಬೇರೆ.

ನಿಜವಾದ ಪೆಟ್ಟು ಬೀಳುವುದು ಪಾವಗಡದ ಕಡಲೆಕಾಯಿ ಹೊಲದಲ್ಲಿ. ಅಲ್ಲಿನ ತುಂಟರಲ್ಲಿ ಮೈಕ್ರೊಟರ್ಮಿಸ್ ಒಬೆಸಿ ಹುತ್ತವನ್ನೇ ಕಟ್ಟುವುದಿಲ್ಲ; ನೆಲದೊಳಗೆ ಚಿಕ್ಕ ಚಿಕ್ಕ ಕೋಣೆಗಳಲ್ಲಿ ಹರಡಿಕೊಂಡಿರುತ್ತದೆ. ಹೀಗಾಗಿ ಬದುವಿನ ಹುತ್ತ ಅಗೆದು ರಾಣಿಯನ್ನು ಕೊಂದರೂ ಗಿಡ ಒಣಗುವುದು ನಿಲ್ಲದಿರಬಹುದು. ಕಾಯಿ ಬಲಿತ ಮೇಲೆ ಮಳೆ ಕೈಕೊಟ್ಟರೆ ಗೆದ್ದಲು ಸಿಪ್ಪೆಯ ಗೆರೆಗಳ ನಡುವಿನ ಮೆತ್ತನೆಯ ಭಾಗವನ್ನು ಕೆರೆದು ತೆಗೆಯುತ್ತದೆ. ಹಾಗೆ ತೆಳುವಾದ ಸಿಪ್ಪೆಯಿಂದ ಆಸ್ಪರ್ಜಿಲಸ್ ಬೂಷ್ಟು ಒಳನುಗ್ಗಿ ಬೀಜದಲ್ಲಿ ಅಫ್ಲಟಾಕ್ಸಿನ್ ವಿಷ ಸೇರುತ್ತದೆ. ಕೆರೆದ ಕಾಯಿಯನ್ನು ಒಳ್ಳೆಯದರ ಜೊತೆ ಬೆರೆಸದೆ ಬೇರೆ ಮಾಡಬೇಕು, ಬಲಿತ ಬೆಳೆಯನ್ನು ಹೊಲದಲ್ಲಿ ಬಿಡದೆ ಕಿತ್ತುಬಿಡಬೇಕು. ತಿಪ್ಪೆಯ ಗೊಬ್ಬರ ಪೂರಾ ಕಳಿತ ಮೇಲೆಯೇ ಹೊಲಕ್ಕೆ ಹಾಕಬೇಕು. ಅರೆ ಕೊಳೆತ ಸಗಣಿ, ಹುಲ್ಲು ಗೆದ್ದಲಿಗೆ ನಾವೇ ಕೊಟ್ಟ ಕರೆಯೋಲೆ.