ಆಗುಂಬೆಯಲ್ಲಿ ಅಡಗಿಕೊಳ್ಳುವ ತಪ್ಪು

ಮಳೆಯ ಅಳತೆ ಸಿಗದ ದಿನದ ಜಾಗವನ್ನು ಖಾಲಿ ಬಿಡದೆ -999 ಎಂದು ತುಂಬುವ ರೂಢಿ ಹವಾಮಾನದ ಕಡತಗಳಲ್ಲಿದೆ. ಮಳೆ ಸೊನ್ನೆಗಿಂತ ಕಡಿಮೆ ಬೀಳಲಾರದ ಕಾರಣ ಓದುವವರಿಗೆ ಅದು ಬರಿಯ ಗುರುತೆಂದು ತಿಳಿಯುತ್ತದೆ. ಕಂಪ್ಯೂಟರು ಮಾತ್ರ ಅದನ್ನೂ ಸೇರಿಸಿ ಕೂಡಿಬಿಡುತ್ತದೆ. ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ ಕಾಣುವ ಚಳ್ಳಕೆರೆಯ ಕಡತದಲ್ಲಿ ಇಂಥ ಒಂದು ಗುರುತು ಉಳಿದರೂ ಮೊತ್ತ ಋಣಸಂಖ್ಯೆಯಾಗಿ ಕಣ್ಣಿಗೆ ಹೊಡೆಯುತ್ತದೆ. 7,000 ಮಿ.ಮೀ. ಸುರಿದ ಆಗುಂಬೆಯಲ್ಲಾದರೋ ಮೊತ್ತ 6,001ಕ್ಕೆ ಇಳಿಯುತ್ತದೆ, ಈ ಸಲ ಮಳೆ ಕೊಂಚ ಕಡಿಮೆಯೆಂದು ಎಲ್ಲರೂ ನಂಬುತ್ತಾರೆ.

ಕರ್ನಾಟಕದ 31 ಜಿಲ್ಲೆಗಳಿಗೆ 31 ಕಡತಗಳಿವೆ ಎಂದುಕೊಳ್ಳೋಣ. ಮೊತ್ತ ಕೂಡಲು ಮೊದಲ ಜಿಲ್ಲೆಗೆ ಬರೆದ ಹತ್ತು ಸಾಲಿನ ಕೋಡನ್ನು, ಅಂದರೆ ಕಂಪ್ಯೂಟರಿಗೆ ಕೊಡುವ ಸೂಚನೆಗಳನ್ನು, ಕಾಪಿ ಮಾಡಿ, ಜಿಲ್ಲೆಯ ಹೆಸರನ್ನಷ್ಟೇ ಬದಲಿಸುತ್ತ ಹೋದರೆ 310 ಸಾಲುಗಳಾಗುತ್ತವೆ. ಉದ್ದವೇನೂ ದೊಡ್ಡ ತೊಂದರೆಯಲ್ಲ. -999ರ ನೆನಪು ತಡವಾಗಿ ಬಂದಾಗ 31 ಕಡೆ ತಿದ್ದಬೇಕಾಗುತ್ತದೆ, ಒಂದು ಕಡೆ ಮರೆತರೂ ಕೋಡು ತಕರಾರಿಲ್ಲದೆ ಓಡುತ್ತದೆ.

ಆ ಹತ್ತು ಸಾಲುಗಳಿಗೆ ‘ಮಳೆ_ಮೊತ್ತ’ ಎಂಬ ಹೆಸರಿಟ್ಟು ಒಂದು ಫಂಕ್ಷನ್, ಅಂದರೆ ಹೆಸರು ಹಿಡಿದು ಕರೆದಾಗಲೆಲ್ಲ ಓಡುವ ಕೋಡಿನ ತುಣುಕು, ಮಾಡಿದರೆ ತಿದ್ದುವ ಜಾಗ ಒಂದೇ ಆಗುತ್ತದೆ. (ಕೋಡು ಬರೆಯುವ ಭಾಷೆಗಳಲ್ಲೊಂದಾದ ಪೈಥಾನ್ 3ರಲ್ಲಿ ಕನ್ನಡದ ಹೆಸರೂ ನಡೆಯುತ್ತದೆ.) ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುವ ಕಡತದ ಹೆಸರು ಮತ್ತು ಕೊರತೆಯ ಗುರುತನ್ನು ಹೊರಗಿನಿಂದ ಕೊಡಬೇಕು, ಬದಲಾಗದ ಕೆಲಸವನ್ನು ಒಳಗಿಡಬೇಕು. ಈ ಯುಕ್ತಿ ಕಂಪ್ಯೂಟರಿನಷ್ಟೇ ಹಳೆಯದು: 1949ರಲ್ಲಿ ಕೇಂಬ್ರಿಜ್‌ನಲ್ಲಿ ಓಡತೊಡಗಿದ ಎಡ್ಸಾಕ್ ಯಂತ್ರಕ್ಕಾಗಿ ಡೇವಿಡ್ ವ್ಹೀಲರ್ ಮತ್ತು ಸಂಗಡಿಗರು ಪದೇ ಪದೇ ಬೇಕಾಗುವ ಲೆಕ್ಕಗಳನ್ನು ರಂಧ್ರ ಕೊರೆದ ಕಾಗದದ ಪಟ್ಟಿಗಳಲ್ಲಿ ಸಂಗ್ರಹಿಸಿಟ್ಟು, ಬೇಕೆಂದವರು ತಮ್ಮ ಪಟ್ಟಿಗೆ ಇಳಿಸಿಕೊಳ್ಳುವಂತೆ ಮಾಡಿದ್ದರು. ಅಂಥ ತುಣುಕು ತನ್ನ ಕೆಲಸ ಮುಗಿದ ಮೇಲೆ, ಕರೆದ ಜಾಗಕ್ಕೇ ಮರಳುವ ಉಪಾಯ ವ್ಹೀಲರ್ ಅವರದು.

ಹುರುಪಿನಲ್ಲಿ ಎಲ್ಲವನ್ನೂ ಒಂದೇ ಫಂಕ್ಷನ್ನಿಗೆ ತುರುಕುವುದೂ ಉಂಟು. ಹಳೆಯ ಕಡತದಲ್ಲಿ ಮಳೆ ಇಂಚುಗಳಲ್ಲಿದೆಯೇ ಎಂಬುದಕ್ಕೆ ಒಂದು ಹೌದು-ಅಲ್ಲ ಆಯ್ಕೆ, ತಿಂಗಳ ಲೆಕ್ಕ ಬೇಕೇ ಎಂಬುದಕ್ಕೆ ಇನ್ನೊಂದು ಎಂದು ನಾಲ್ಕು ಆಯ್ಕೆಗಳು ಸೇರಿದರೆ 16 ಬಗೆಯ ಓಟಗಳಾಗುತ್ತವೆ, ಅಷ್ಟನ್ನೂ ಪರೀಕ್ಷಿಸುವವರು ಯಾರೂ ಇರುವುದಿಲ್ಲ. ಇಂಚನ್ನು 25.4ರಿಂದ ಗುಣಿಸಿ ಮಿ.ಮೀ. ಮಾಡುವ ಕೆಲಸ ಬೇರೆಯದೇ ಪುಟ್ಟ ಫಂಕ್ಷನ್ ಆಗಿರುವುದು ಮೇಲು.

ಇಷ್ಟಾದರೂ -999ರ ಜಾಗದಲ್ಲಿ ಸೊನ್ನೆ ಹಾಕಿ ಕೈತೊಳೆದುಕೊಂಡರೆ ಆಗುಂಬೆಯ ತಪ್ಪು ಪೂರ್ತಿ ಹೋಗುವುದಿಲ್ಲ, ಏಕೆಂದರೆ ಅಳತೆ ಸಿಗದ ದಿನವೂ ಮಳೆ ಬಿದ್ದಿರಬಹುದು. ಆದ್ದರಿಂದ ಫಂಕ್ಷನ್ ಎರಡು ಉತ್ತರ ಕೊಡಬೇಕು: 10, -999, 20 ಎಂಬ ಮೂರು ದಿನಗಳನ್ನು ಕೊಟ್ಟಾಗ ಮೊತ್ತ 30 ಎಂದೂ ದಾಖಲೆಯಿಲ್ಲದ ದಿನ 1 ಎಂದೂ ಬರಬೇಕು.